ಎಲೆಕ್ಟ್ರಾ ಹಡಗಿನವರ ಗೋರಿಯನ್ನ ಗುಜರಿಗೆ ಬಿಡಬೇಡಿ: ಬ್ರಿಟನ್ನಿನ ರಕ್ಷಣಾ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ರಕ್ಷಣಾ ಸಚಿವರು,
ಬ್ರಿಟನ್ ಸರ್ಕಾರ, ಲಂಡನ್

ಮಾನ್ಯರೇ,

ನಾನು ಕರ್ನಾಟಕದ ಕರಾವಳಿಯ ಮಲ್ಪೆಯವನು, ಸರಕು ಹಡಗುಗಳಲ್ಲಿ ಇಂಜಿನಿಯರ್ ಆಗಿ ಕೆಲಸ ಮಾಡ್ತೇನೆ. ನಿಮ್ಮ ದೇಶದ ಪ್ರಜೆ ಅಲ್ಲ, ನಿಮ್ಮ ನೌಕಾಪಡೆಯಲ್ಲಿ ನಮ್ಮ ಮನೆಯವರು ಯಾರೂ ಇರ್ಲಿಲ್ಲ. ಆದ್ರೂ ನಿಮಗೆ ಸೇರಿದ ಒಂದು ಹಡಗಿನ ವಿಷಯದಲ್ಲಿ ಬರೀಲೇಬೇಕು ಅನ್ನಿಸಿ ಬರೀತಾ ಇದ್ದೇನೆ. ಹಡಗಿನ ಹೆಸರು ಎಚ್‌ಎಂಎಸ್ ಎಲೆಕ್ಟ್ರಾ. ಎರಡನೇ ಮಹಾಯುದ್ಧದಲ್ಲಿ, 1942ರ ಫೆಬ್ರವರಿ 27ರ ಸಂಜೆ ಇಂಡೋನೇಷ್ಯಾದ ಜಾವಾ ಸಮುದ್ರದಲ್ಲಿ ಮುಳುಗಿದ ಡೆಸ್ಟ್ರಾಯರ್ (ದೊಡ್ಡ ಹಡಗುಗಳಿಗೆ ಬೆಂಗಾವಲಾಗೋ ವೇಗದ ಸಣ್ಣ ಯುದ್ಧನೌಕೆ), ನೂರಕ್ಕೂ ಹೆಚ್ಚು ಜನ ಅದರ ಜೊತೆಗೇ ಹೋದ್ರು. 2003ರಲ್ಲಿ ಡೈವರ್‌ಗಳು ಅದನ್ನ ತಳದಲ್ಲಿ ಪತ್ತೆ ಮಾಡಿದ್ರು, 2016ರಲ್ಲಿ ಇನ್ನೊಂದು ತಂಡ ಹೋಗಿ ನೋಡಿದಾಗ ಅದರ ದೊಡ್ಡ ಭಾಗವೇ ಅಲ್ಲಿ ಇರ್ಲಿಲ್ಲ. ಕಬ್ಬಿಣಕ್ಕೆ, ತಾಮ್ರಕ್ಕೆ ಅಂತ ಕಳ್ಳರು ಕಿತ್ಕೊಂಡು ಹೋಗಿದ್ರು.

ಇದರ ಇಂಗ್ಲಿಷ್ ಪ್ರತಿಯನ್ನ ನಿಮ್ಮ ಇಲಾಖೆಗೆ ಕಳಿಸ್ತೇನೆ. ಕನ್ನಡದಲ್ಲೂ ಹಾಕಿದ್ದು ಯಾಕಂದ್ರೆ ನಮ್ಮ ಕರಾವಳಿಯಲ್ಲಿ ಶಿಪ್ಪಿಗೆ ಹೋಗೋರು ತುಂಬಾ ಜನ ಇದ್ದಾರೆ, ಸಿಂಗಪುರ, ಸುರಬಾಯಾ ಅಂತ ಆ ನೀರಿನ ಮೇಲೆಯೇ ಓಡಾಡ್ತಾರೆ, ಕೆಳಗೆ ಯಾರು ಮಲಗಿದ್ದಾರೆ ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. ಅವರಿಗೂ ಗೊತ್ತಾಗಲಿ.

ಮೊದಲು ಈ ಹಡಗು ಏನು ಮಾಡಿತ್ತು ಅಂತ ಹೇಳ್ತೇನೆ. ನಿಮ್ಮ ಕಡತದಲ್ಲಿ ಎಲ್ಲ ಇರುತ್ತೆ, ಆದ್ರೆ ಕಡತದಲ್ಲಿ ಇರೋದು ಬೇರೆ, ಒಬ್ಬ ಸಚಿವರು ಕೂತು ಓದೋದು ಬೇರೆ.

ಎಲೆಕ್ಟ್ರಾ ಟೈನ್ ನದಿಯ ದಡದ ಹೆಬರ್ನ್‌ನಲ್ಲಿ ಹಾಥಾರ್ನ್ ಲೆಸ್ಲಿ ಯಾರ್ಡ್‌ನಲ್ಲಿ ಕಟ್ಟಿದ್ದು, 1934ರಲ್ಲಿ ನೀರಿಗಿಳೀತು. ಉದ್ದ ನೂರು ಮೀಟರ್, ಮೂರು ಬಾಯ್ಲರ್, ಎರಡು ಟರ್ಬೈನ್, 36,000 ಹಾರ್ಸ್‌ಪವರ್, ನಾಲ್ಕು 4.7 ಇಂಚಿನ ಫಿರಂಗಿ, ಎಂಟು ಟಾರ್ಪಿಡೋ ಕೊಳವೆ. 35 ನಾಟ್ (ಗಂಟೆಗೆ ಸುಮಾರು 65 ಕಿಲೋಮೀಟರ್) ಮೇಲೆ ಓಡ್ತಿತ್ತು. ನಾನು ಕೆಲಸ ಮಾಡೋ ಹಡಗುಗಳು ಇದಕ್ಕಿಂತ ಎರಡು ಪಟ್ಟು ಉದ್ದ, ಆದ್ರೆ ಅದರ ಅರ್ಧ ಸ್ಪೀಡೂ ಇಲ್ಲ. ಆ ಸಣ್ಣ ಮೈಯೊಳಗೆ ಅಷ್ಟು ಶಕ್ತಿ ತುಂಬಿದ್ರೆ ಇಂಜಿನ್ ರೂಮಲ್ಲಿ, ಬಾಯ್ಲರ್ ರೂಮಲ್ಲಿ ಮನುಷ್ಯ ನಿಲ್ಲೋ ಜಾಗ ಎಷ್ಟು ಉಳಿಯುತ್ತೆ ಅಂತ ಇಂಜಿನಿಯರ್ ಆದವನಿಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ.

1939ರ ಸೆಪ್ಟೆಂಬರ್ 3ರಂದು ನಿಮ್ಮ ದೇಶ ಯುದ್ಧ ಘೋಷಣೆ ಮಾಡಿದ ಸಂಜೆಯೇ ಅಥೇನಿಯಾ ಅನ್ನೋ ಪ್ಯಾಸೆಂಜರ್ ಹಡಗಿಗೆ ಜರ್ಮನ್ ಸಬ್‌ಮರೀನ್ ಯು-30 ಟಾರ್ಪಿಡೋ ಹೊಡೀತು. ಐರ್ಲೆಂಡಿನ ವಾಯವ್ಯಕ್ಕೆ, ಅಟ್ಲಾಂಟಿಕ್‌ನಲ್ಲಿ. ಹೆಂಗಸರು ಮಕ್ಕಳು ಇದ್ದ ಹಡಗು, ನೂರಕ್ಕೂ ಹೆಚ್ಚು ಜನ ಸತ್ರು. ಉಳಿದವರನ್ನ ಲೈಫ್‌ಬೋಟುಗಳಿಂದ ಎತ್ತೋಕೆ ಓಡಿ ಬಂದ ಹಡಗುಗಳಲ್ಲಿ ಎಲೆಕ್ಟ್ರಾ ಒಂದು. ಯುದ್ಧದಲ್ಲಿ ಅದರ ಮೊದಲ ಕೆಲಸವೇ ನೀರಿಂದ ಜನರನ್ನ ಎತ್ತೋದು, ಮುಂದಿನ ಎರಡೂವರೆ ವರ್ಷ ಮತ್ತೆ ಮತ್ತೆ ಅದೇ ಕೆಲಸ ಅದರ ಪಾಲಿಗೆ ಬಂತು.

1940ರ ನಾರ್ವೆ ಕಾರ್ಯಾಚರಣೆ, ಮಂಜಲ್ಲಿ ಆಂಟಿಲೋಪ್ ಅನ್ನೋ ಇನ್ನೊಂದು ಡೆಸ್ಟ್ರಾಯರ್ ಜೊತೆ ಡಿಕ್ಕಿ, ರಿಪೇರಿ, ಅದೆಲ್ಲ ಬಿಟ್ಟು ಮುಂದೆ ಹೋಗ್ತೇನೆ. 1941ರ ಮೇ ತಿಂಗಳಲ್ಲಿ ಜರ್ಮನಿಯ ದೊಡ್ಡ ಯುದ್ಧನೌಕೆ ಬಿಸ್ಮಾರ್ಕ್‌ನ ಬೇಟೆಗೆ ಹೊರಟ ನಿಮ್ಮ ಹುಡ್ ಮತ್ತು ಪ್ರಿನ್ಸ್ ಆಫ್ ವೇಲ್ಸ್ ಯುದ್ಧನೌಕೆಗಳಿಗೆ ಬೆಂಗಾವಲಾಗಿ ಹೋದ ಡೆಸ್ಟ್ರಾಯರ್‌ಗಳಲ್ಲಿ ಇದೂ ಇತ್ತು. ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್ ನಡುವಿನ ಡೆನ್ಮಾರ್ಕ್ ಜಲಸಂಧಿಯ ಕಡೆ ಸಮುದ್ರ ಎಷ್ಟು ಕೆಟ್ಟಿತ್ತು ಅಂದ್ರೆ ಸಣ್ಣ ಹಡಗುಗಳು ಹಿಂದೆ ಬಿದ್ದವು. ಮೇ 24ರ ಬೆಳಿಗ್ಗೆ ಆರು ಗಂಟೆ ಹೊತ್ತಿಗೆ ಹುಡ್ ಸ್ಫೋಟ ಆಗಿ ಮೂರು ನಿಮಿಷದಲ್ಲಿ ಮುಳುಗಿ ಹೋಯ್ತು. ಅದರಲ್ಲಿ ಇದ್ದದ್ದು 1,418 ಜನ. ಸುದ್ದಿ ಸಿಕ್ಕಿದ ಕೂಡಲೇ ಎಲೆಕ್ಟ್ರಾ ಪೂರ್ತಿ ವೇಗದಲ್ಲಿ ಹೊರಟಿತು. ನೂರಾರು ಜನ ಸಿಗ್ತಾರೆ ಅಂತ ಹತ್ತಿಸಿಕೊಳ್ಳೋ ಬಲೆಗಳನ್ನ ರೆಡಿ ಮಾಡಿದ್ರು, ಕಂಬಳಿ ತೆಗೆದಿಟ್ರು, ಔಷಧಿ, ಬಿಸಿ ಬಿಸಿ ಕುಡಿಯೋದಕ್ಕೆ ಎಲ್ಲ ಇಟ್ಕೊಂಡು ಕಾಯ್ತಾ ಇದ್ರು. ಎರಡು ಗಂಟೆ ಕಳೆದು ಅಲ್ಲಿ ಮುಟ್ಟಿದಾಗ ಎಣ್ಣೆ, ಒಂದಿಷ್ಟು ಕಟ್ಟಿಗೆ ಚೂರು, ಸಣ್ಣ ತೆಪ್ಪಗಳ ಮೇಲೆ ಮೂರು ಜನ. ಟೆಡ್ ಬ್ರಿಗ್ಸ್, ಬಾಬ್ ಟಿಲ್‌ಬರ್ನ್, ಬಿಲ್ ಡಂಡಾಸ್. ಸುತ್ತು ಹಾಕಿ ಹುಡುಕಿದ್ರು, ನಾಲ್ಕನೆಯವನು ಸಿಗಲಿಲ್ಲ. ಆ ಮೂವರೂ ಮನೆಗೆ ಹೋದ್ರು, ಬ್ರಿಗ್ಸ್ ಅವರಂತೂ 2008ರ ತನಕ ಬದುಕಿದ್ರು. ಹುಡ್‌ನಲ್ಲಿ ಆ ಬೆಳಿಗ್ಗೆ ಏನಾಯ್ತು ಅಂತ ಒಳಗಿದ್ದವರ ಬಾಯಿಂದ ಲೋಕಕ್ಕೆ ಗೊತ್ತಾಗಿದ್ದು ಈ ಮೂವರಿಂದ, ಅವರನ್ನ ನೀರಿಂದ ಎತ್ತಿದ್ದು ಎಲೆಕ್ಟ್ರಾದ ಹುಡುಗರು.

ಅದೇ ವರ್ಷ ಆಗಸ್ಟ್‌ನಲ್ಲಿ ಸೋವಿಯತ್ ರಷ್ಯಾಕ್ಕೆ ಯುದ್ಧ ಸಾಮಗ್ರಿ ಹೊತ್ತ ಮೊದಲ ಆರ್ಕ್ಟಿಕ್ ಕಾನ್ವಾಯ್ (ಬೆಂಗಾವಲಿನ ಜೊತೆ ಹೋಗೋ ಸರಕು ಹಡಗುಗಳ ಗುಂಪು), ಡರ್ವಿಶ್ ಅಂತ ಅದರ ಹೆಸರು, ಆರ್ಖಾಂಗೆಲ್ಸ್ಕ್‌ಗೆ ಹೋಯ್ತು, ಅದರ ಬೆಂಗಾವಲಲ್ಲೂ ಎಲೆಕ್ಟ್ರಾ. ಹಿಮದ ಸಮುದ್ರದಿಂದ ವಾಪಸ್ ಬಂದು ಸ್ವಲ್ಪ ದಿನಕ್ಕೇ ನಮ್ಮ ಕಡೆಯ ಸಮುದ್ರಕ್ಕೆ ಹೊರಟಿತು. ಪ್ರಿನ್ಸ್ ಆಫ್ ವೇಲ್ಸ್ ಜೊತೆಗೆ ಎಲೆಕ್ಟ್ರಾ, ಎಕ್ಸ್‌ಪ್ರೆಸ್ ಎರಡು ಡೆಸ್ಟ್ರಾಯರ್, ಕೊಲಂಬೊ ಮುಟ್ಟಿ ಅಲ್ಲಿಂದ ಡಿಸೆಂಬರ್ 2ಕ್ಕೆ ಸಿಂಗಪುರ.

ಡಿಸೆಂಬರ್ 10ಕ್ಕೆ ಮಲಯಾದ (ಈಗಿನ ಮಲೇಷ್ಯಾ) ಪೂರ್ವ ಕರಾವಳಿಯ ಆಚೆ ಜಪಾನಿನ ವಿಮಾನಗಳು ಪ್ರಿನ್ಸ್ ಆಫ್ ವೇಲ್ಸ್ ಮತ್ತು ಜೊತೆಗಿದ್ದ ಇನ್ನೊಂದು ದೊಡ್ಡ ಯುದ್ಧನೌಕೆ ರಿಪಲ್ಸ್ ಎರಡನ್ನೂ ಮುಳುಗಿಸಿದವು. ಎರಡರಲ್ಲಿ ಸೇರಿ 840 ಜನ ಸತ್ರು. ಮೇಲಿಂದ ಇನ್ನೊಂದು ದಾಳಿ ಯಾವಾಗ ಬರುತ್ತೋ ಗೊತ್ತಿಲ್ಲ, ನೀರ ತುಂಬಾ ದಪ್ಪ ಎಣ್ಣೆ, ಆ ಎಣ್ಣೆ ಕುಡಿದು ಒದ್ದಾಡ್ತಿರೋ ಮನುಷ್ಯರು, ಅದರ ನಡುವೆ ಹೋಗಿ ನಿಂತು ಎಲೆಕ್ಟ್ರಾ ಒಂದೇ ಹಡಗು ರಿಪಲ್ಸ್‌ನ 571 ಜನರನ್ನ ಎತ್ತಿತು. ಹಡಗಿನ ಸ್ವಂತ ಸಿಬ್ಬಂದಿ ಇನ್ನೂರು ಜನರೂ ಇಲ್ಲ. ಅಷ್ಟು ಸಣ್ಣ ಹಡಗಿನ ಡೆಕ್ ಮೇಲೆ, ಒಳಗೆ, ಓಣಿಗಳಲ್ಲಿ 571 ಜನ ಹೆಚ್ಚಿಗೆ ತುಂಬಿದ್ರೆ ಹಡಗು ಒಂದು ಕಡೆ ವಾಲದ ಹಾಗೆ ನೋಡ್ಕೊಳ್ಳೋದೇ ಒಂದು ದೊಡ್ಡ ಕೆಲಸ, ಸಮುದ್ರ ಗೊತ್ತಿದ್ದೋರಿಗೆ ನಾನು ಹೇಳೋದು ಅರ್ಥ ಆಗುತ್ತೆ. ಎಲ್ಲರನ್ನೂ ಸಿಂಗಪುರಕ್ಕೆ ಮುಟ್ಟಿಸಿದ್ರು.

ಇನ್ನು ಕೊನೆಯ ದಿನ. 1942ರ ಫೆಬ್ರವರಿ 15ಕ್ಕೆ ಸಿಂಗಪುರ ಬಿದ್ದಾಗಿತ್ತು. ಜಾವಾಕ್ಕೆ ಬರ್ತಿದ್ದ ಜಪಾನಿನ ಸೇನೆಯನ್ನ ತಡೀಲಿಕ್ಕೆ ಡಚ್ ರಿಯರ್ ಅಡ್ಮಿರಲ್ ಕರೆಲ್ ಡೋರ್ಮನ್ ಕೈಕೆಳಗೆ ಡಚ್, ಬ್ರಿಟಿಷ್, ಅಮೆರಿಕನ್, ಆಸ್ಟ್ರೇಲಿಯನ್ ಹಡಗುಗಳು, ಐದು ಕ್ರೂಸರ್ (ಡೆಸ್ಟ್ರಾಯರ್‌ಗಿಂತ ದೊಡ್ಡ ಯುದ್ಧನೌಕೆ), ಒಂಬತ್ತು ಡೆಸ್ಟ್ರಾಯರ್, ಸುರಬಾಯಾದಿಂದ ಹೊರಟವು. ಒಟ್ಟಿಗೆ ಅಭ್ಯಾಸ ಮಾಡಿದವರಲ್ಲ, ಸಿಗ್ನಲ್ ಕೂಡ ಒಬ್ಬರದ್ದು ಇನ್ನೊಬ್ಬರಿಗೆ ಸರಿ ತಿಳೀತಿರ್ಲಿಲ್ಲ. 27ರ ಸಂಜೆ ನಾಲ್ಕೂಕಾಲು ಹೊತ್ತಿಗೆ ಯುದ್ಧ ಶುರು ಆಯ್ತು. ಐದು ಗಂಟೆ ಕಳೆದ ಮೇಲೆ ಕ್ರೂಸರ್ ಎಕ್ಸೆಟರ್‌ನ ಬಾಯ್ಲರ್ ರೂಮಿಗೆ ಶೆಲ್ ಬಿತ್ತು, ಅದರ ವೇಗ ಇಳೀತು, ಸಾಲು ಒಡೆದು ಹೋಯ್ತು. ಕುಂಟ್ತಾ ಇದ್ದ ಎಕ್ಸೆಟರ್‌ನ್ನ ಉಳಿಸಬೇಕಾದ್ರೆ ಯಾರಾದ್ರೂ ಶತ್ರುವಿನ ಎದುರಿಗೆ ಹೋಗಲೇಬೇಕಿತ್ತು. ಬ್ರಿಟಿಷ್ ಡೆಸ್ಟ್ರಾಯರ್‌ಗಳು ದಾಳಿ ಮಾಡಿ ಅಂತ ಆರ್ಡರ್ ಬಂತು. ಕಮಾಂಡರ್ ಸಿ. ಡಬ್ಲ್ಯು. ಮೇ ಅವರ ಎಲೆಕ್ಟ್ರಾ ಮೊದಲು ಹೊಗೆಯ ಪರದೆಯೊಳಗೆ ನುಗ್ಗಿತು. ಆಚೆ ಬದಿಗೆ ಹೊರಬಂದಾಗ ಎದುರಿಗೆ ಜಪಾನಿನ ಕ್ರೂಸರ್ ಜಿಂಟ್ಸು ಮತ್ತು ಅದರ ಡೆಸ್ಟ್ರಾಯರ್‌ಗಳು.

ಎಲೆಕ್ಟ್ರಾದ ಶೆಲ್ ಬಿದ್ದು ಅಸಾಗುಮೊ ಅನ್ನೋ ಜಪಾನಿ ಡೆಸ್ಟ್ರಾಯರ್ ಸ್ವಲ್ಪ ಹೊತ್ತು ನಿಂತೇ ಹೋಯ್ತು. ಆದ್ರೆ ಇವರಿಗೂ ಏಟಿನ ಮೇಲೆ ಏಟು. ಬಾಯ್ಲರ್ ರೂಮಿಗೆ ಬಿತ್ತು, ಬ್ರಿಡ್ಜಿಗೂ ಫಿರಂಗಿಗಳಿಗೂ ಸಂಪರ್ಕ ತಪ್ಪಿತು, ಹಡಗು ನಿಂತಿತು. ಬಾಯ್ಲರ್ ರೂಮಲ್ಲಿ ಶೆಲ್ ಬಿದ್ರೆ ಏನಾಗುತ್ತೆ ಅಂತ ಬರೀಲಿಕ್ಕೆ ನನ್ನ ಕೈ ಬರಲ್ಲ, ನಮ್ಮಲ್ಲಿ ಒಂದು ಸಣ್ಣ ಸ್ಟೀಮ್ ಪೈಪ್ ಲೀಕ್ ಆದ್ರೇ ಜನ ಹತ್ತಿರ ಹೋಗೋಕೆ ಹೆದರ್ತಾರೆ. ಸಂಪರ್ಕ ಇಲ್ಲದಿದ್ರೂ ಫಿರಂಗಿಯವರು ತಾವೇ ಗುರಿ ನೋಡಿ ಹೊಡೀತಾ ಇದ್ರು, ಒಂದೊಂದಾಗಿ ಫಿರಂಗಿಗಳು ನಿಂತವು, ಹಡಗು ಬಿಡಿ ಅಂತ ಕ್ಯಾಪ್ಟನ್ ಹೇಳಿದ್ರು. ಕಮಾಂಡರ್ ಮೇ ಮಾತ್ರ ಬಿಡ್ಲಿಲ್ಲ, ಹಡಗಿನ ಜೊತೆಗೇ ಹೋದ್ರು. ಆರು ಗಂಟೆ ಹೊತ್ತಿಗೆ ಎಲ್ಲ ಮುಗೀತು. ಎಕ್ಸೆಟರ್ ಆ ಸಂಜೆ ಉಳೀತು. ನೀರಲ್ಲಿದ್ದ ಎಲೆಕ್ಟ್ರಾದ 54 ಜನರನ್ನ ಮಾರನೇ ದಿನ ಬೆಳಗಾಗೋ ಮುಂಚೆ ಅಮೆರಿಕದ ಸಬ್‌ಮರೀನ್ ಎಸ್-38 ಎತ್ಕೊಂಡಿತು. ಅಥೇನಿಯಾದವರನ್ನ, ಹುಡ್‌ನವರನ್ನ, ರಿಪಲ್ಸ್‌ನವರನ್ನ ಹುಡುಕಿ ಎತ್ತಿದ ಹಡಗಿನವರಲ್ಲಿ ಉಳಿದದ್ದು ಇಷ್ಟೇ ಜನ. ಆ ಯುದ್ಧಕ್ಕೆ ಹೋದ ಮೂರು ಬ್ರಿಟಿಷ್ ಡೆಸ್ಟ್ರಾಯರ್‌ಗಳಲ್ಲಿ ಜುಪಿಟರ್ ಅದೇ ರಾತ್ರಿ ಸಮುದ್ರದಲ್ಲಿ ಹಾಕಿದ್ದ ಮೈನ್‌ಗೆ (ಸಿಡಿಗುಂಡಿಗೆ) ಸಿಕ್ಕಿ ಹೋಯ್ತು, ಎನ್‌ಕೌಂಟರ್ ಮತ್ತು ಎಕ್ಸೆಟರ್ ಮಾರ್ಚ್ 1ಕ್ಕೆ ಹೋದವು.

ಮಾನ್ಯರೇ, ಇಷ್ಟು ಉದ್ದ ಬರೆದದ್ದು ನಿಮಗೆ ಚರಿತ್ರೆ ಪಾಠ ಮಾಡೋದಕ್ಕಲ್ಲ. ಆ ಕಬ್ಬಿಣದ ಒಳಗೆ ಇದ್ದವರು ಯಾರು ಅಂತ ಮನಸ್ಸಲ್ಲಿ ಇಟ್ಕೊಂಡು ಮುಂದಿನದ್ದನ್ನ ಓದಿ ಅಂತ.

ಜಾವಾ ಸಮುದ್ರದ ಆ ಯುದ್ಧದ 75ನೇ ವರ್ಷದ ನೆನಪಿಗೆ ಮೊದಲು, 2016ರಲ್ಲಿ, ಡೈವರ್‌ಗಳ ತಂಡ ಸೋನಾರ್ (ಶಬ್ದದ ಅಲೆಯಿಂದ ಸಮುದ್ರದ ತಳ ನೋಡೋ ಉಪಕರಣ) ಹಿಡ್ಕೊಂಡು ಆ ಜಾಗಗಳಿಗೆ ಹೋಯ್ತು. ಡಚ್ಚರ ಡಿ ರೈಟರ್, ಜಾವಾ ಎರಡು ಕ್ರೂಸರ್ ಪೂರ್ತಿ ಮಾಯ. ಕೋರ್ಟೆನಾರ್ ಡೆಸ್ಟ್ರಾಯರ್‌ನ ದೊಡ್ಡ ಭಾಗ ಮಾಯ. ಎಕ್ಸೆಟರ್, ಎನ್‌ಕೌಂಟರ್ ಹೆಚ್ಚುಕಡಿಮೆ ಏನೂ ಉಳಿದಿಲ್ಲ, ಎಲೆಕ್ಟ್ರಾದ್ದು ದೊಡ್ಡ ಪಾಲು ಹೋಗಿದೆ, ಅಮೆರಿಕದ ಪರ್ಚ್ ಸಬ್‌ಮರೀನ್ ಪೂರ್ತಿ ಇಲ್ಲ. ಇದ್ದ ಹಡಗಿನ ಆಕಾರದಲ್ಲೇ ತಳದ ಕೆಸರಲ್ಲಿ ಗುಳಿ ಮಾತ್ರ ಸೋನಾರ್ ಚಿತ್ರದಲ್ಲಿ ಕಂಡಿತ್ತು. ಸಾವಿರಾರು ಟನ್ ಕಬ್ಬಿಣ ಅಂದ್ರೆ ಜೇಬಲ್ಲಿ ಹಾಕ್ಕೊಂಡು ಹೋಗೋ ವಸ್ತು ಅಲ್ಲ. ಕ್ರೇನ್ ಇರೋ ದೊಡ್ಡ ಬಾರ್ಜ್ (ಚಪ್ಪಟೆ ತಳದ ಹಡಗು) ಬೇಕು, ಅದರಲ್ಲಿ ಕಬ್ಬಿಣದ ಪಂಜದ ಹಾಗಿರೋ ಗ್ರ್ಯಾಬ್ ಬೇಕು, ವಾರಗಟ್ಟಲೆ ಒಂದೇ ಜಾಗದಲ್ಲಿ ಲಂಗರು ಹಾಕಿ ನಿಲ್ಲಬೇಕು, ತಂದದ್ದನ್ನ ಇಳಿಸೋಕೆ ಬಂದರು ಬೇಕು, ಕೊಳ್ಳೋಕೆ ಗುಜರಿ ಯಾರ್ಡ್ ಬೇಕು. ಇಷ್ಟು ಜನರ ಕಣ್ಣ ಮುಂದೆ ಆದದ್ದು ಯಾರಿಗೂ ಗೊತ್ತಾಗಲಿಲ್ಲ ಅಂದ್ರೆ ನಾನು ನಂಬಲ್ಲ.

ಅವರು ಮೊದಲು ಹುಡುಕೋದು ಪ್ರೊಪೆಲ್ಲರ್‌ನ್ನ, ಅದು ಕಂಚಿನದ್ದು, ಒಳ್ಳೇ ರೇಟು. ಆಮೇಲೆ ಕಂಡೆನ್ಸರ್‌ನ ಟ್ಯೂಬ್, ವಾಲ್ವ್, ಪೈಪು, ಕೇಬಲ್, ತಾಮ್ರ ಹಿತ್ತಾಳೆ ಎಲ್ಲೆಲ್ಲಿ ಇರುತ್ತೋ ಅಲ್ಲಿ. ಅಂದ್ರೆ ಇಂಜಿನ್ ರೂಮು, ಬಾಯ್ಲರ್ ರೂಮು. ಎಲೆಕ್ಟ್ರಾದಲ್ಲಿ ಹೊರಗೆ ಬರೋಕಾಗದೆ ಸತ್ತವರು ಇದ್ದದ್ದೂ ಅಲ್ಲೇ. ಮೇಲೆ ಬರೋ ಪಂಜಕ್ಕೆ ಪೈಪು ಯಾವುದು, ಮನುಷ್ಯನ ಎಲುಬು ಯಾವುದು ಅನ್ನೋ ಭೇದ ಇಲ್ಲ. ಜಾವಾ ಸಮುದ್ರದ ಹಡಗುಗಳಿಂದ ಬಂದ ಅಸ್ಥಿಗಳನ್ನ ಪೂರ್ವ ಜಾವಾದ ದಡದಲ್ಲಿ ಎಲ್ಲೋ ಒಟ್ಟಿಗೆ ಹೂತಿದ್ದಾರೆ ಅಂತ 2018ರಲ್ಲಿ ಇಂಡೋನೇಷ್ಯಾದ ಪತ್ರಕರ್ತರು ವರದಿ ಮಾಡಿದ್ರು. ಅದರಲ್ಲಿ ಎಷ್ಟು ನಿಜ ಅಂತ ಕಂಡುಹಿಡಿದು ಆ ಮನೆಯವರಿಗೆ ಹೇಳೋ ಜವಾಬ್ದಾರಿ ಯಾರದ್ದು?

ನಾನು ಕಣ್ಣಾರೆ ಕಂಡದ್ದನ್ನೂ ಹೇಳ್ತೇನೆ. ಜಾವಾ ಸಮುದ್ರದಲ್ಲಿ ಹೋಗ್ತಾ ಇದ್ದಾಗ ಒಂದು ಸಂಜೆ ನನ್ನ ವಾಚ್ (ಪಾಳಿ) ಮುಗಿಸಿ ಮೇಲೆ ಡೆಕ್ಕಿಗೆ ಬಂದಿದ್ದೆ. ದಡ ಎಲ್ಲೂ ಕಾಣಿಸ್ತಿಲ್ಲ, ತೈಲದ ಪ್ಲಾಟ್‌ಫಾರ್ಮ್ ಯಾವುದೂ ಇಲ್ಲ, ಅಂಥಾ ಜಾಗದಲ್ಲಿ ತುಕ್ಕು ಹಿಡಿದ ಒಂದು ಕ್ರೇನ್ ಬಾರ್ಜ್ ನಾಲ್ಕು ಕಡೆ ಹಗ್ಗ ಬಿಟ್ಟು ನಿಂತಿತ್ತು, ಗ್ರ್ಯಾಬ್ ನೀರಿಗೆ ಇಳಿದು ನೀರು ಸುರಿಸ್ತಾ ಮೇಲೆ ಬರ್ತಿತ್ತು. ಬ್ರಿಡ್ಜಲ್ಲಿ ಡ್ಯೂಟಿ ಆಫೀಸರ್‌ನ ಕೇಳಿದ್ರೆ ಅದು ಎಐಎಸ್‌ನಲ್ಲಿ (ಹಡಗುಗಳು ತಮ್ಮ ಹೆಸರು, ಜಾಗವನ್ನ ರೇಡಿಯೋದಲ್ಲಿ ತಾವೇ ತಿಳಿಸೋ ವ್ಯವಸ್ಥೆ) ಕಾಣಿಸ್ತಾನೇ ಇಲ್ಲ ಅಂದ್ರು. ಅದು ಏನು ಮಾಡ್ತಿತ್ತು ಅಂತ ನಾನು ಹೇಳಲಾರೆ, ಯಾರ ಮೇಲೂ ಆರೋಪ ಹೊರಿಸಲ್ಲ. ಆದ್ರೆ ಜಾಗದ ಗುರುತು, ಸಮಯ ಬರ್ಕೊಂಡು ಸಂಬಂಧಪಟ್ಟ ಒಂದು ಕಚೇರಿಗೆ ಮೇಲ್ ಹಾಕಿದೆ. ನಿಮ್ಮ ಮೇಲ್ ತಲುಪಿದೆ ಅಂತ ಉತ್ತರ ಬಂತು, ಆಮೇಲೆ ಏನೂ ಇಲ್ಲ. ಸಮುದ್ರದಲ್ಲಿ ದಿನಾ ಓಡಾಡೋ ನಮ್ಮಂಥವರು ಕಂಡದ್ದನ್ನ ಯಾರಿಗೆ ಹೇಳ್ಬೇಕು ಅನ್ನೋದೇ ಇವತ್ತಿಗೂ ಗೊತ್ತಿಲ್ಲ.

ಸೈನಿಕ ಅವಶೇಷಗಳ ರಕ್ಷಣೆಗೆ ಅಂತ ನಿಮ್ಮಲ್ಲಿ 1986ರ ಕಾಯ್ದೆ ಉಂಟು. ಆದ್ರೆ ಬ್ರಿಟನ್ನಿನ ನೀರಿನಾಚೆ ಅದು ಹಿಡಿಯೋದು ನಿಮ್ಮ ಪ್ರಜೆಗಳನ್ನ, ನಿಮ್ಮ ಹಡಗುಗಳನ್ನ ಮಾತ್ರ. ಎಲ್ಲಿಂದಲೋ ಬಂದ ಬಾರ್ಜಿನವನಿಗೆ ಆ ಕಾಯ್ದೆಯ ಭಯ ಯಾಕೆ? ಪ್ರಿನ್ಸ್ ಆಫ್ ವೇಲ್ಸ್, ರಿಪಲ್ಸ್ ಎರಡೂ ಆ ಕಾಯ್ದೆಯ ಪಟ್ಟಿಯಲ್ಲಿ ಇದ್ದವು, ಏನಾಯ್ತು? 2023ರ ಮೇ ತಿಂಗಳಲ್ಲಿ ಚುವಾನ್ ಹಾಂಗ್ 68 ಅನ್ನೋ ಚೀನಾದ ಬಾರ್ಜನ್ನ ಮಲೇಷ್ಯಾದವರು ಹಿಡಿದಾಗ ಅದರಲ್ಲಿ ಹಳೇ ಫಿರಂಗಿ ಶೆಲ್‌ಗಳು ಸಿಕ್ಕಿದವು, ಆ ಎರಡು ಹಡಗುಗಳದ್ದೇ ಅಂತ ಶಂಕೆ. ಯುನೆಸ್ಕೋದ 2001ರ ಒಪ್ಪಂದ ನೀರಿನಡಿ ನೂರು ವರ್ಷ ಕಳೆದದ್ದಕ್ಕೆ ಅನ್ವಯ, ಆ ಲೆಕ್ಕದಲ್ಲಿ ಎಲೆಕ್ಟ್ರಾಗೆ ರಕ್ಷಣೆ ಸಿಗೋದು 2042ಕ್ಕೆ. ಅಷ್ಟರಲ್ಲಿ ರಕ್ಷಿಸೋಕೆ ಏನು ಉಳಿದಿರುತ್ತೆ? ಆ ಒಪ್ಪಂದ ಮತಕ್ಕೆ ಬಂದಾಗ ನಿಮ್ಮ ದೇಶ ಮತ ಹಾಕದೆ ಸುಮ್ಮನೆ ಕೂತಿತ್ತು ಅನ್ನೋದನ್ನೂ ಇಲ್ಲಿ ನೆನಪಿಸ್ಬೇಕಾಗುತ್ತೆ.

2016ರಲ್ಲಿ ಸುದ್ದಿ ಹೊರಗೆ ಬಂದಾಗ ನಿಮ್ಮ ಇಲಾಖೆ ಖಂಡಿಸಿತು, ತನಿಖೆ ಮಾಡಿ ಅಂತ ಇಂಡೋನೇಷ್ಯಾವನ್ನ ಕೇಳಿತು. ಆ ಸಮಯದಲ್ಲಿ ಇಂಡೋನೇಷ್ಯಾದ ಕಡೆಯಿಂದ ಡಚ್ಚರಿಗೆ ಬಂದ ಉತ್ತರ ಏನು ಗೊತ್ತಾ, ಈ ಹಡಗುಗಳನ್ನ ಕಾಯಿರಿ ಅಂತ ನಮಗೆ ಯಾರೂ ಹೇಳಿರಲಿಲ್ಲ, ಅಂಥಾ ಒಪ್ಪಂದವೂ ಇಲ್ಲ, ಹಾಗಾಗಿ ನಮ್ಮನ್ನ ದೂರಬೇಡಿ ಅಂತ. ಈ ಮಾತು ಕೇಳಿದ್ರೆ ಸಿಟ್ಟು ಬರುತ್ತೆ ನಿಜ. ಆದ್ರೆ ಅದರಲ್ಲಿ ಹುರುಳಿಲ್ಲ ಅಂತ ಹೇಳೋಕಾಗಲ್ಲ. ಆ ಯುದ್ಧ ಇಂಡೋನೇಷ್ಯಾದವರ ಯುದ್ಧ ಆಗಿರ್ಲಿಲ್ಲ, ಅವರ ಮನೆ ಮುಂದಿನ ನೀರಲ್ಲಿ ಹೊರಗಿನವರು ಹೊಡೆದಾಡಿ ಸತ್ತದ್ದು. ಮುಳುಗಿದ ಯುದ್ಧನೌಕೆ ಯಾವತ್ತಿಗೂ ನಮ್ಮದೇ ಆಸ್ತಿ ಅಂತ ಹೇಳ್ತಾ ಬಂದವರು ನೀವು. ಆಸ್ತಿ ನಮ್ಮದು ಅನ್ನೋರು ಬೇಲಿ ಹಾಕೋ ಮಾತನ್ನೂ ತಾವೇ ಮೊದಲು ಎತ್ತಬೇಕು.

ಮಾಡಿದ್ರೆ ಆಗುತ್ತೆ ಅನ್ನೋದಕ್ಕೆ ಉದಾಹರಣೆ ಪಕ್ಕದಲ್ಲೇ ಉಂಟು. ಆಸ್ಟ್ರೇಲಿಯಾದ ಪರ್ತ್ ಕ್ರೂಸರ್ ಇದೇ ಯುದ್ಧದಲ್ಲಿ ಇತ್ತು, ಮಾರ್ಚ್ 1ಕ್ಕೆ ಸುಂಡಾ ಜಲಸಂಧಿಯಲ್ಲಿ ಮುಳುಗಿತು. ಅದನ್ನೂ ಕಳ್ಳರು ದೋಚಿದ್ರು. ಆಸ್ಟ್ರೇಲಿಯಾದವರು ಬಿಡದೆ ಇಂಡೋನೇಷ್ಯಾದವರ ಜೊತೆ ಕೂತು ಕೆಲಸ ಮಾಡಿದ್ರು, 2018ರಲ್ಲಿ ಇಂಡೋನೇಷ್ಯಾ ಆ ಜಾಗವನ್ನ ಸಮುದ್ರ ಸಂರಕ್ಷಣಾ ವಲಯ ಅಂತ ಘೋಷಣೆ ಮಾಡಿತು. ಅರ್ಧಕ್ಕಿಂತ ಹೆಚ್ಚು ಹೋದ ಮೇಲೆ ಆಯ್ತು, ಆದ್ರೂ ಆಯ್ತು. ಎಲೆಕ್ಟ್ರಾಗೆ ಯಾಕೆ ಆಗಬಾರದು?

ನಿಮಗೆ ಸಂಬಂಧ ಇಲ್ಲದ ಮಲ್ಪೆಯವನಿಗೆ ಇಷ್ಟು ಯಾಕೆ ಅಂತ ನೀವು ಕೇಳಬಹುದು. 2018ರ ಡಿಸೆಂಬರ್‌ನಲ್ಲಿ ನಮ್ಮ ಮಲ್ಪೆ ಬಂದರಿಂದ ಹೋದ ಸುವರ್ಣ ತ್ರಿಭುಜ ಅನ್ನೋ ಮೀನುಗಾರಿಕಾ ಬೋಟು ವಾಪಸ್ ಬರ್ಲಿಲ್ಲ, ಅದರಲ್ಲಿ ಉಡುಪಿ, ಉತ್ತರ ಕನ್ನಡದ ಏಳು ಜನ ಇದ್ರು. ತಿಂಗಳುಗಟ್ಟಲೆ ಕಾದ ಮೇಲೆ, 2019ರ ಮೇನಲ್ಲಿ ನಮ್ಮ ನೌಕಾಪಡೆಯ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣ ಹತ್ತಿರ ಅದರ ಅವಶೇಷ ಪತ್ತೆ ಮಾಡಿತು. ಹೆಣ ಸಿಗದಿದ್ರೆ ಮನೆಯವರು ಬೊಜ್ಜ (ಉತ್ತರಕ್ರಿಯೆ) ಮಾಡೋದಾ, ಇನ್ನೂ ಕಾಯೋದಾ ಅಂತ ಗೊತ್ತಾಗದೆ ಹೇಗೆ ಸಾಯ್ತಾರೆ ಅಂತ ನಮ್ಮೂರು ಕಂಡಿದೆ. ಬೋಟು ಇಂಥ ಕಡೆ ಉಂಟು ಅನ್ನೋ ಒಂದು ಮಾತೇ ಅವರಿಗೆ ಎಷ್ಟೋ ದೊಡ್ಡದು. 1971ರಲ್ಲಿ ದಿಯು ಆಚೆ ಮುಳುಗಿದ ನಮ್ಮ ನೌಕಾಪಡೆಯ ಹಡಗು ಖುಕ್ರಿಯಲ್ಲಿ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಅವರೂ ಕಮಾಂಡರ್ ಮೇ ಅವರ ಹಾಗೆ ಹಡಗಿನ ಜೊತೆಗೇ ಹೋದ್ರು, ಅವರೊಟ್ಟಿಗೆ 190ಕ್ಕೂ ಹೆಚ್ಚು ಜನ. ನಾಳೆ ಯಾರೋ ಬಂದು ಖುಕ್ರಿಯನ್ನ ಕತ್ತರಿಸಿ ಗುಜರಿಗೆ ಹಾಕಿದ್ರೆ ನಮ್ಮ ಸರ್ಕಾರ ಒಂದು ಹೇಳಿಕೆ ಕೊಟ್ಟು ಸುಮ್ಮನಾದ್ರೆ ನಾನು ಇಂಥದ್ದೇ ಪತ್ರ ದಿಲ್ಲಿಗೆ ಬರೀತಿದ್ದೆ.

ಹಾಗಾಗಿ ನನ್ನ ವಿನಂತಿ ಏನಂದ್ರೆ, ಮೊದಲು ಎಲೆಕ್ಟ್ರಾ, ಎನ್‌ಕೌಂಟರ್, ಜುಪಿಟರ್, ಎಕ್ಸೆಟರ್ ನಾಲ್ಕರ ಜಾಗವನ್ನೂ ಇಂಡೋನೇಷ್ಯಾದವರ ಜೊತೆ ಸೇರಿ ಹೊಸದಾಗಿ ಸರ್ವೇ ಮಾಡಿಸಿ, ಏನು ಉಳಿದಿದೆ ಏನು ಹೋಗಿದೆ ಅಂತ ಮುಚ್ಚಿಡದೆ ಪ್ರಕಟಿಸಿ. ಆ ಹಡಗಿನವರ ಮಕ್ಕಳು ಇನ್ನೂ ಕೆಲವರು ಇದ್ದಾರೆ, ಅವರಿಗೂ ವಯಸ್ಸಾಯ್ತು, ಪೇಪರ್‌ನಲ್ಲಿ ಓದಿ ತಿಳ್ಕೊಳ್ಳೋ ಗತಿ ಅವರಿಗೆ ಬರಬಾರದು, ಇಲಾಖೆಯೇ ಪತ್ರ ಬರೆದು ತಿಳಿಸ್ಬೇಕು. ಪರ್ತ್‌ಗೆ ಆದ ಹಾಗೆ ಸಂರಕ್ಷಣಾ ವಲಯ ಮಾಡೋದಕ್ಕೆ ಇಂಡೋನೇಷ್ಯಾದ ಜೊತೆ ಲಿಖಿತ ಒಪ್ಪಂದಕ್ಕೆ ಬನ್ನಿ, ಕಾವಲಿನ ಖರ್ಚಲ್ಲಿ ಪಾಲು ಕೊಡಿ. ಸ್ಯಾಟಲೈಟ್ ಚಿತ್ರ ನೋಡಿ ಒಂದೇ ಜಾಗದಲ್ಲಿ ದಿನಗಟ್ಟಲೆ ನಿಂತ ಬಾರ್ಜ್ ಹಿಡಿಯೋದು ಇವತ್ತಿನ ಕಾಲದಲ್ಲಿ ನಿಮ್ಮಂಥ ದೇಶಕ್ಕೆ ಕಷ್ಟ ಅಲ್ಲ.

ದಡದಲ್ಲಿ ಅಸ್ಥಿ ಹೂತಿದ್ದಾರೆ ಅನ್ನೋ ವರದಿಯ ವಿಷಯವೂ ಹಾಗೇ, ಸ್ಥಳೀಯರ ಜೊತೆ ಸೇರಿ ಕೊನೆ ತನಕ ಪರಿಶೀಲನೆ ಮಾಡಿಸಿ. ಸಿಕ್ಕಿದ್ರೆ, ಯಾವ ದೇಶದವರು ಅಂತ ಗುರುತು ಸಿಗದಿದ್ರೂ ಪರವಾಗಿಲ್ಲ, ಜಕಾರ್ತಾದ ಮೆಂಟೆಂಗ್ ಪುಲೋದಲ್ಲಿ ಯುದ್ಧದವರ ಸ್ಮಶಾನ ಇದೆ, ಅಲ್ಲಿ ಮರ್ಯಾದೆಯಿಂದ ಮಣ್ಣು ಮಾಡಿಸಿ.

ಕೊನೆಯದು, ನಮ್ಮಂಥ ಸರಕು ಹಡಗಿನವರು ಸಂಶಯ ಬಂದ ಬಾರ್ಜ್ ಕಂಡಾಗ ತಕ್ಷಣ ತಿಳಿಸೋಕೆ ಒಂದು ವಿಳಾಸ, ಒಂದು ನಂಬರ್ ಕೊಡಿ, ಆ ಕಡೆ ಉತ್ತರ ಕೊಡೋ ಮನುಷ್ಯ ಇರಲಿ. ಭಾರತದವರು, ಫಿಲಿಪೀನ್ಸ್‌ನವರು, ಇಂಡೋನೇಷ್ಯಾದವರು, ನಾವು ಸಾವಿರಾರು ಜನ ಹಗಲು ರಾತ್ರಿ ಅಲ್ಲಿ ವಾಚ್‌ನಲ್ಲಿ ಇರ್ತೇವೆ. ಕೇಳಿದ್ರೆ ಖಂಡಿತ ಹೇಳ್ತೇವೆ. ನಾನು ಅವತ್ತು ಬರ್ಕೊಂಡ ಜಾಗದ ಗುರುತು, ತಾರೀಕು, ಸಮಯ ಇಂಗ್ಲಿಷ್ ಪ್ರತಿಯ ಜೊತೆ ಲಗತ್ತಿಸಿದ್ದೇನೆ, ದಯವಿಟ್ಟು ಅಲ್ಲಿಂದಲೇ ಶುರು ಮಾಡಿ.

ಇತಿ,
ಗೌರವಪೂರ್ವಕ ನಮಸ್ಕಾರಗಳೊಂದಿಗೆ,
ಮಲ್ಪೆಯ ಒಬ್ಬ ಮರೀನ್ ಇಂಜಿನಿಯರ್